ಮಾವನ ಬಾಳೆ ಕೋಣೆಯ ಗ್ರಾಫು

ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗವೆಲ್ಲ ನನ್ನನ್ನು ರಿಪೇರಿಯವಳೆಂದು ತಿಳಿದುಕೊಂಡಿದೆ. ಕಮಲಾಪುರದ ಸೋದರಮಾವ ಫೋನ್ ಮಾಡಿದಾಗ ನಾನೂ ಸ್ವಲ್ಪ ಜಂಬದಿಂದಲೇ ಒಪ್ಪಿಕೊಂಡೆ. ಕೆಂಪು ಬಾಳೆಗೊನೆಗಳನ್ನು ಹಣ್ಣಿಗೆ ಹಾಕುವ ಕೋಣೆ ಅವರದು. ಒಳಗೆ ಬಿಸಿ ಏರಿದರೆ ಹಣ್ಣು ಮೆತ್ತಗಾಗಿ ಕೆಡುತ್ತದೆ. ಹೊರಗೆ ಕುಂತೇ ಅದನ್ನು ನೋಡುವಂತೆ ಏನಾದರೂ ಮಾಡಿಕೊಡು ಎಂದರು.

ಒಂದು ಮೈಕ್ರೋಕಂಟ್ರೋಲರ್ ಬೋರ್ಡಿಗೆ ಸೆನ್ಸರ್ ಹಚ್ಚಿದೆ. ಬೋರ್ಡಿನ ಪುಟ್ಟ ಪರದೆಯಲ್ಲಿ ಉಷ್ಣತೆ ಕಾಣುತ್ತದೆ. ಅದೇ ಅಂಕಿ ಸೀರಿಯಲ್ ಪೋರ್ಟಿನಿಂದ, ಕೇಬಲ್ ಮೂಲಕ ಒಂದೊಂದೇ ಅಕ್ಷರವಾಗಿ, ಸೆಕೆಂಡಿಗೊಮ್ಮೆ ಲ್ಯಾಪ್‌ಟಾಪಿಗೆ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ, ಚೌಕಗಳನ್ನು ಗೆರೆಗಳಿಂದ ಜೋಡಿಸಿಯೇ ಪ್ರೋಗ್ರಾಮ್ ಕಟ್ಟುವ ಸಾಫ್ಟ್‌ವೇರ್ ಅದನ್ನು ಓದಿ ಗ್ರಾಫ್ ಬರೆಯಬೇಕು. ಕಲಬುರಗಿಯ ಗಾಜಿಪುರದ ಮನೆಯಲ್ಲಿ ಬೋರ್ಡನ್ನಷ್ಟೇ ಪರೀಕ್ಷಿಸಿದ್ದೆ. ಗ್ರಾಫಿನದು ಕಮಲಾಪುರದಲ್ಲೇ ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ.

ಮೊದಲ ಭಾನುವಾರ ಲ್ಯಾಪ್‌ಟಾಪಿಗೆ ಪೋರ್ಟೇ ಕಾಣಲಿಲ್ಲ. ಅವಸರದಲ್ಲಿ ನಾನು ಒಯ್ದದ್ದು ಬರೀ ಚಾರ್ಜ್ ಮಾಡುವ ಕೇಬಲ್, ಅದರಲ್ಲಿ ಅಂಕಿ ಹಾಯುವುದಿಲ್ಲ. ಬಸ್ ಹತ್ತಿ ಹಾಗೆಯೇ ವಾಪಸ್ ಬಂದೆ. ಮುಂದಿನ ಭಾನುವಾರ ಪೋರ್ಟ್ ಕಂಡಿತು, ಆದರೆ ಅದನ್ನು ಬೇರೊಂದು ಪ್ರೋಗ್ರಾಮ್ ಬಳಸುತ್ತಿದೆ ಎಂದು ಲ್ಯಾಪ್‌ಟಾಪ್ ಹೇಳಿತು. ಯಾವುದೆಂದು ಒಂದು ತಾಸು ಹುಡುಕಿದೆ. ನಾನೇ ತೆರೆದು ಮರೆತಿದ್ದ ಇನ್ನೊಂದು ಕಿಟಕಿ! ಅದನ್ನು ಮುಚ್ಚಿದರೆ ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಬೋರ್ಡು ಕಳಿಸುವ ವೇಗ ಒಂದು, ನಾನು ಓದಲು ಕೊಟ್ಟ ವೇಗ ಇನ್ನೊಂದು. ಅದನ್ನೂ ಸರಿಪಡಿಸಿದೆ. ಕೊನೆಗೂ ಗ್ರಾಫ್ ಬಂತು, ಗರಗಸದ ಹಲ್ಲಿನ ಹಾಗೆ.

ಮಾವ ಕನ್ನಡಕ ಏರಿಸಿ ನೋಡಿದರು. "ಯವ್ವಾ, ಈಗ ಇಪ್ಪತ್ನಾಕ, ಈಗ ಎರಡ, ಈಗ ಮತ್ತ ನಾಕ. ನನ್ನ ಬಾಳಿಹಣ್ಣಿಗೆ ಚಳಿಜ್ವರ ಬಂದದೇನು?"

"ತಡೀರಿ ಮಾವಾ, ನೋಡಾಕತ್ತೀನಿ."

"ಮುಂಜಾನಿಂದ ಅದೇ ಹೇಳಾಕತ್ತೀದಿ."

ಸೆನ್ಸರ್ ಬದಲಿಸಿದೆ. ತಂತಿಗಳನ್ನು ಕಿತ್ತು ಮತ್ತೆ ಹಚ್ಚಿದೆ. ಗ್ರಾಫಿನ ಹಲ್ಲುಗಳು ಹಾಗೆಯೇ ಇದ್ದವು. ಅಷ್ಟನ್ನೂ ಅಂಗಳದೊಳಗೆ ಎಸೆದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಚಹಾ ತಂದಿಟ್ಟು, ತಾವೇ ಕೋಣೆಯೊಳಗೆ ಹೋಗಿ ಬೋರ್ಡಿನ ಮುಂದೆ ನಿಂತರು. "ಇಲ್ಲಿ ಅಂಕಿ ನೆಟ್ಟಗ ಅದ ನೋಡು! ನಾ ಓದ್ತೀನಿ, ನೀ ಬರಕೋ. ಇಪ್ಪತ್ನಾಕು ಪಾಯಿಂಟ್ ಆರು. ಮತ್ತ ಅದೇ. ಮತ್ತೂ ಅದೇ."

ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಮೊದಲು 2, ಆಮೇಲೆ 4.6. ಎರಡನ್ನೂ ಪಕ್ಕಪಕ್ಕ ಬರೆದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಂಕಿ ಪೂರ್ತಿ ಬರುವ ಮೊದಲೇ ನನ್ನ ಪ್ರೋಗ್ರಾಮ್ ಬಂದಷ್ಟನ್ನೇ ಓದಿ, ಉಳಿದದ್ದನ್ನು ಹೊಸ ಅಂಕಿ ಎಂದು ಬರೆಯುತ್ತಿತ್ತು. ವಿದ್ಯಾರ್ಥಿಗಳು ಇದೇ ತಪ್ಪು ಮಾಡಿದಾಗ ಎಷ್ಟು ಸಲ ಬೈದಿದ್ದೇನೋ! ಸಾಲಿನ ಕೊನೆಯ ಗುರುತು ಬರುವವರೆಗೆ ಕಾಯುವಂತೆ ಒಂದು ಚೌಕ ಬದಲಿಸಿದೆ. ಗೆರೆ ನೆಟ್ಟಗಾಯಿತು.

ಐದು ನಿಮಿಷ ಆಗಿರಬೇಕು. ಗೆರೆ ಮೆಲ್ಲಗೆ ಮೇಲೇರತೊಡಗಿತು. ಇಪ್ಪತ್ತೈದು, ಇಪ್ಪತ್ತಾರು.

"ಮತ್ತ ಕೆಡ್ತು ನೋಡು," ಅಂದರು ಮಾವ.

ನನಗೆ ಅಳುವೇ ಬಂದಂತಾಯಿತು. ಇಡೀ ಪ್ರೋಗ್ರಾಮನ್ನು ಮತ್ತೆ ಬಿಚ್ಚಲು ಕೈ ಹಾಕಿದ್ದೆ. ಅಡುಗೆಮನೆಯಿಂದ ಅತ್ತೆ ಕೂಗಿದರು: "ಅಯ್ಯ, ಕೋಣಿ ಬಾಗಲಾ ತಗದೇ ಬಿಟ್ಟು ಬಂದೀನ್ರೀ! ಬಿಸಲೆಲ್ಲಾ ಒಳಗ ಹೋಗಾಕತ್ತದ."

ಮಾವ ಹೋಗಿ ಬಾಗಿಲು ಮುಚ್ಚಿ ಬಂದರು. ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತರು. ಗೆರೆ ನಿಂತು, ಸ್ವಲ್ಪ ಹೊತ್ತಿನಲ್ಲಿ ಕೆಳಗಿಳಿಯತೊಡಗಿತು. ಲ್ಯಾಪ್‌ಟಾಪನ್ನು ಅಲ್ಲಿಯೇ ಬಿಟ್ಟು ನಾನು ಬಸ್ಸಿಗೆ ಹೊರಟಾಗಲೂ ಮಾವ ಗೆರೆಯ ಮೇಲಿಂದ ಕಣ್ಣು ತೆಗೆಯದೆ, "ಹುಷಾರಾಗಿ ಹೋಗವ್ವಾ," ಎಂದಷ್ಟೇ ಹೇಳಿದರು.