ಹಲ್ಲಕ್ಕನ ಹಗೆ

ಯುದ್ಧಕ್ಕೆ ಮುಂಚೆ ಅವಳು ಹನ್ನೊಂದು ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದಳು. ಎಂಥ ಬಾಯಿಬಡುಕನೂ ಅವಳ ಮುಂದೆ ಬಾಯಿ ತೆರೆದು ತೆಪ್ಪಗೆ ಮಲಗುತ್ತಿದ್ದ. ಸೈನ್ಯದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ತುಕಡಿಯವರು ಅವಳಿಗೆ ಹಲ್ಲಕ್ಕ ಎಂದೇ ಹೆಸರಿಟ್ಟರು. ಕೈ ನಡುಗದ ಹೆಂಗಸು. ಹಗೆ ಇಟ್ಟುಕೊಳ್ಳುವುದರಲ್ಲೂ ಎತ್ತಿದ ಕೈ. ಆರನೇ ಕ್ಲಾಸಿನಲ್ಲಿ ತನ್ನ ಜಡೆ ಎಳೆದವಳ ಮದುವೆಗೆ ಕೂಡ ಹೋದವಳಲ್ಲ.

ಅದೇ ತುಕಡಿಯಲ್ಲಿ ಅವಳ ಅಣ್ಣನಿಗೂ ಅದೇ ಕೆಲಸ. ಇಬ್ಬರೂ ತಮ್ಮ ಕೆಲಸದ ಗುರುತಾದ, ಕೆಂಪು ಶಿಲುಬೆಯ ಬಿಳಿ ತೋಳಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಎದುರಿನ ಹಿಟ್ಟಿನ ಗಿರಣಿಯಲ್ಲಿ ಅಡಗಿದ್ದ ಬಂದೂಕಿನವನು ಆ ಬಿಳಿಗೇ ಮೊದಲು ಗುರಿಯಿಡುತ್ತಿದ್ದ. ಹೊಸದಾಗಿ ಬಂದ ಕ್ಯಾಪ್ಟನ್‌ಗೆ ಅದನ್ನು ಅಣ್ಣನೂ ತಂಗಿಯೂ ಬಿಡಿಸಿ ಹೇಳಿದ್ದರು. ಆದರೆ ಮೇಲಿನ ಅಧಿಕಾರಿಗಳು ನೋಡಲು ಬರುವ ದಿನ ಎಲ್ಲ ನಿಯಮದಂತೆ ಕಾಣಬೇಕೆಂದು ಅವನು ಹಠ ಹಿಡಿದ. ಆ ದಿನದ ಸರದಿ ಅಣ್ಣನದು; ಅವನು ಪಟ್ಟಿ ಕಟ್ಟಿಕೊಂಡ. ಅವತ್ತು ಮಧ್ಯಾಹ್ನವೇ, ಗಿರಣಿಯ ಅಂಗಳದಲ್ಲಿ ಬಿದ್ದವನೊಬ್ಬನನ್ನು ಎತ್ತಿ ತರಲು ಹೋಗಿ ಕುತ್ತಿಗೆಗೆ ಗುಂಡು ಬಿದ್ದು ಸತ್ತ.

ಕ್ಯಾಪ್ಟನ್ ಮನೆಗೆ ಕಳಿಸಿದ ಕಾಗದದಲ್ಲಿ, ಸ್ವಂತ ಅಜಾಗರೂಕತೆಯಿಂದ ಸತ್ತ ಎಂದು ಬರೆದಿದ್ದ. ಪಟ್ಟಿಯಿಂದ ಅಪಾಯವಿದೆಯೆಂದು ತನಗೆ ಯಾರೂ ತಿಳಿಸಿರಲಿಲ್ಲ ಎಂದೂ ಸೇರಿಸಿದ್ದ. ಸುಳ್ಳಿಗೂ ಒಂದು ಮಿತಿ ಬೇಡವೇ? ಅಮ್ಮ ಫೋನಿನಲ್ಲಿ ಅದನ್ನು ಓದಿ ಹೇಳಿದಾಗ ಹಲ್ಲಕ್ಕನ ಮೈಯೆಲ್ಲ ಉರಿದುಹೋಯಿತು. ಅವನ ಬಾಯಿಂದಲೇ ನಿಜ ಹೊರಡಿಸದೆ ಮನೆಗೆ ಕಾಲಿಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಳು.

ಹದಿನೆಂಟು ದಿನ ಅವನ ಕಣ್ಣೆದುರೇ ಹಲ್ಲು ಕಚ್ಚಿಕೊಂಡು ಓಡಾಡಿದಳು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕ್ಯಾಪ್ಟನ್ ಅದೇ ಅಂಗಳದಲ್ಲಿ ತೊಡೆಗೆ ಗುಂಡು ತಗುಲಿ ಬಿದ್ದ. ಒಡೆದ ನೀರಿನ ತೊಟ್ಟಿಯ ಮರೆಗೆ ಹೇಗೋ ಸರಿದು, ವಾಕಿಟಾಕಿಯಲ್ಲಿ ಕೂಗತೊಡಗಿದ. ಈಗ ಹೋಗುವುದು ಹುಚ್ಚುತನ ಎಂದರು ಕಂದಕದಲ್ಲಿದ್ದವರು. ಹಲ್ಲಕ್ಕ ಚೀಲ ಹೆಗಲಿಗೇರಿಸಿ ತೆವಳಿದಳು. ನಲವತ್ತು ಹೆಜ್ಜೆ ದೂರ. ಗುಂಡುಗಳು ಸಿಮೆಂಟು ನೆಲವನ್ನು ಕಿತ್ತು ಅವಳ ಮುಖಕ್ಕೆ ಎರಚುತ್ತಿದ್ದವು. ಭಯವಿರಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಅವನು ಅಲ್ಲೇ ಸತ್ತರೆ ಕಾಗದದ ಸುಳ್ಳೇ ಗಟ್ಟಿಯಾಗಿ ಉಳಿಯುತ್ತಿತ್ತು.

ಮೊದಲು ತೊಡೆಯನ್ನು ಬಿಗಿದು ಕಟ್ಟಿ ರಕ್ತ ನಿಲ್ಲಿಸಿದಳು. ಆಮೇಲೆ ಜೇಬಿನಿಂದ ತನ್ನ ಬಿಳಿ ಪಟ್ಟಿ ತೆಗೆದು ಅವನ ತೋಳಿಗೆ ಕಟ್ಟಿದಳು. ಅವನ ವಾಕಿಟಾಕಿ ಕಸಿದುಕೊಂಡು ಬಟನ್ ಒತ್ತಿ ಹಿಡಿದಳು.

"ತೆಗಿ ಇದನ್ನ," ಎಂದ ಕ್ಯಾಪ್ಟನ್. "ಹೊರಗೆ ಬಂದ ಕೂಡ್ಲೆ ಬಿಳಿ ನೋಡಿ ನನಗೇ ಹೊಡೀತಾನೆ."

"ಹಾಗಂತ ಯಾರು ಹೇಳಿದ್ರು ಸರ್?"

"ನೀನೇ ಹೇಳಿದ್ದೆಯಲ್ಲ. ನಿಮ್ಮಣ್ಣನೂ ಹೇಳಿದ್ದ. ನಿನ್ನ ದಮ್ಮಯ್ಯ, ತೆಗಿ."

ಕಂದಕದಲ್ಲಿ ಮೂವತ್ತು ಜನ ಕೇಳಿಸಿಕೊಂಡರು. ಹಲ್ಲಕ್ಕ ಬಟನ್ ಬಿಟ್ಟಳು, ಪಟ್ಟಿ ಬಿಚ್ಚಿದಳು, ಅವನ ಕಂಕುಳಿಗೆ ಕೈಕೊಟ್ಟು ಎಳೆಯತೊಡಗಿದಳು. ಗಿರಣಿಯ ಕಡೆಗೆ ತನ್ನ ಮೈಯನ್ನೇ ಅಡ್ಡ ಇಟ್ಟಿದ್ದಳು. ಅರ್ಧ ದಾರಿಯಲ್ಲಿ ಒಂದು ಗುಂಡು ಅವಳ ಎಡಗೈಯ ಎರಡು ಬೆರಳು ಹಾರಿಸಿತು. ಅವಳು ಹಿಡಿತ ಬಿಡಲಿಲ್ಲ.

ವಿಚಾರಣೆಯಲ್ಲಿ ಮೂವತ್ತು ಜನರೂ ಒಂದೇ ಮಾತು ಹೇಳಿದರು. ತಪ್ಪು ತನ್ನದೆಂದು ಕ್ಯಾಪ್ಟನ್ನೇ ಸಹಿ ಹಾಕಿದ ಇನ್ನೊಂದು ಕಾಗದ ಮನೆಗೆ ಬಂತು. ಹಲ್ಲಕ್ಕ ಮನೆಗೆ ಬಂದ ದಿನ ಅಮ್ಮ ಅವಳ ಎಡಗೈ ಹಿಡಿದುಕೊಂಡು ಉಳಿದ ಬೆರಳುಗಳನ್ನು ಸವರಿದಳು. ಕೊನೆಗೆ ತಡೆಯಲಾರದೆ ಕೇಳಿದಳು.

"ಎಲ್ಲ ಹೇಳಿಸಿದ ಮೇಲೆ ಅವನನ್ನ ಅಲ್ಲೇ ಬಿಟ್ಟು ಬರಬಾರದಿತ್ತಾ?"

"ಸತ್ತಿದ್ರೆ ಅಲ್ಲಿಗೆ ಮುಗಿದುಹೋಗ್ತಿತ್ತಮ್ಮ," ಎಂದಳು ಹಲ್ಲಕ್ಕ. "ಅವನು ಬದುಕಿರ್ಬೇಕು. ಕೇಳಿಸ್ಕೊಂಡವರ ಮುಂದೆ ದಿನಾ ಓಡಾಡ್ಬೇಕು."