ಕೊಡವಿದ ಮೇಲೆಯೇ ಗಂಟು

ಬೆಳಗಿನ ಐದೂವರೆ. ತಾರಸಿಯ ಮೇಲೆ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ರಸ್ತೆಯಾಚೆಗಿನ ಮನರಂಜನಾ ಪಾರ್ಕಿನ ದೊಡ್ಡ ಚಕ್ರ ಅಲುಗಾಡದೆ ನಿಂತಿದೆ. ಈಚೆ, ನೀರಿನ ತೊಟ್ಟಿಯ ಪಕ್ಕ, ಐವತ್ತೊಂದರ ಹೆಂಗಸೊಬ್ಬರು ಬಿಳಿ ಬೆಡ್‌ಶೀಟಿನ ಎರಡು ತುದಿ ಹಿಡಿದು ಕೊಡವುತ್ತಿದ್ದಾರೆ. ಎರಡು ಸಲ ಈ ಮಗ್ಗುಲು, ತಿರುಗಿಸಿ ಒಂದು ಸಲ ಆ ಮಗ್ಗುಲು. ಅವರ ಬಲಗೈ ಭುಜಕ್ಕಿಂತ ಮೇಲೇಳುವುದಿಲ್ಲ, ಹಾಗಾಗಿ ಪ್ರತಿ ಸಲ ಮೈಯೆಲ್ಲ ಎಡಕ್ಕೆ ವಾಲುತ್ತದೆ. ಆಮೇಲೆ ದಿಂಬಿನ ಕವರಿನೊಳಗೆ ಕೈ ಹಾಕಿ, ಎರಡೂ ಮೂಲೆ ಮುಟ್ಟಿ ನೋಡಿ, ಒಳಗನ್ನು ಹೊರಗೆ ಮಾಡುತ್ತಾರೆ.

ಅರ್ಧ ಬಿಸ್ಕತ್ತು ಉದುರುತ್ತದೆ. ಜೊತೆಗೊಂದು ಒಂಟಿ ಕಾಲುಚೀಲ, ಪಾರ್ಕಿನವರು ಮಕ್ಕಳ ಮಣಿಕಟ್ಟಿಗೆ ಅಂಟಿಸುವ ಕಾಗದದ ಪಟ್ಟಿ. ಬಿಸ್ಕತ್ತು ಕಸದ ಬುಟ್ಟಿಗೆ ಹೋಗುತ್ತದೆ. ಉಳಿದೆರಡು ಕೋಣೆಯ ಸಂಖ್ಯೆ ಬರೆದ ಬಟ್ಟೆಯ ಚೀಲ ಸೇರುತ್ತವೆ. ಹರಿದ ಪಟ್ಟಿಯನ್ನೂ ಎತ್ತಿಡುವುದೇಕೆ ಎಂದರೆ, ಅವರು ಕೈ ನಿಲ್ಲಿಸದೆ ಹೇಳುತ್ತಾರೆ: "ಅದು ಕಸ ಅಂತ ಹೇಳೋಕೆ ನಾನ್ಯಾರು?"

ಹೋಟೆಲಿನಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮ. ಅಡುಗೆಮನೆಯವರಿಗೆ, ಕಾವಲಿನವರಿಗೆ, ಕೊನೆಗೆ ಅವರಿಗಿಂತ ಹತ್ತು ವರ್ಷ ದೊಡ್ಡವರಾದ ತೋಟದ ಮಾಲಿಗೂ ಚಿಕ್ಕಮ್ಮನೇ. ಹದಿನಾಲ್ಕೇ ಕೋಣೆಗಳ ಪುಟ್ಟ, ಅಚ್ಚುಕಟ್ಟಾದ ಹೋಟೆಲ್ ಇದು. ಮರದ ಕಿಟಕಿಗಳು, ಅಂಗಳದಲ್ಲೊಂದು ಸಣ್ಣ ಕೊಳ, ಗಟ್ಟಿಯಾಗಿ ಮಾತಾಡಿದರೆ ನಮಗೇ ಸಂಕೋಚವಾಗುವಂಥ ಮೌನ. ಪಾರ್ಕಿನಲ್ಲಿ ಇಡೀ ದಿನ ತಲೆಕೆಳಗಾಗಿ ಕಿರುಚಾಡಿದ ಸಂಸಾರಗಳು ಸಂಜೆ ಇಲ್ಲಿಗೆ ಬಂದು ಕಾಲು ಚಾಚುತ್ತವೆ. ಮಕ್ಕಳು ಬೂಟು ಬಿಚ್ಚುವ ಮೊದಲೇ ನಿದ್ದೆ ಹೋಗಿರುತ್ತಾರೆ. ಬೆಳಿಗ್ಗೆ ಎದ್ದು, "ಅಬ್ಬಾ, ಹಾಸಿಗೆ ಅಂದ್ರೆ ಇದು" ಎಂದು ಮೈಮುರಿಯುವ ಅಪ್ಪಂದಿರಿಗೆ ಆ ಹಾಸಿಗೆ ಹಾಸಿದ ಕೈ ಯಾರದ್ದೆಂದು ಗೊತ್ತಿಲ್ಲ. ಗೊತ್ತಾಗಬಾರದೆಂಬುದೇ ಈ ಕೆಲಸದ ಕಟ್ಟಳೆ. ಅತಿಥಿ ಬರುವಷ್ಟರಲ್ಲಿ ಚಿಕ್ಕಮ್ಮ ಕೋಣೆಯಿಂದ ಹೊರಗಿರಬೇಕು.

ಇವತ್ತು ಚಿಕ್ಕಮ್ಮನಿಗೆ ಪರೀಕ್ಷೆಯ ದಿನ. ಹೋಟೆಲಿನ ಬಟ್ಟೆ ಒಗೆಯುವ ಯಂತ್ರಕ್ಕೆ ವಯಸ್ಸಾಗಿದೆ, ಚಿಕ್ಕಮ್ಮನ ಭುಜಕ್ಕೂ. ಹಾಗಾಗಿ ಬಟ್ಟೆಯನ್ನೆಲ್ಲ ಹೊರಗಿನ ದೊಡ್ಡ ಲಾಂಡ್ರಿಗೆ ಕೊಡುವುದೆಂದು ಮಾಲೀಕರು ಮಾತಾಡಿದ್ದಾರೆ. ಲಾಂಡ್ರಿಯ ವ್ಯಾನು ಹನ್ನೊಂದಕ್ಕೆ ಸರಿಯಾಗಿ ಬರುತ್ತದೆ. ಅತಿಥಿಗಳು ಕೋಣೆ ಬಿಡುವುದು ಹತ್ತಕ್ಕೆ. ನಡುವಿನ ಒಂದು ಗಂಟೆಯಲ್ಲಿ ಹದಿನಾಲ್ಕು ಕೋಣೆಯ ಬಟ್ಟೆ ತೆಗೆದು ಮೂಟೆ ಕಟ್ಟಬಹುದು, ಆದರೆ ಒಂದೊಂದನ್ನೂ ಕೊಡವುತ್ತ ಕೂರಲಾಗದು. ಕೊಡವುವುದನ್ನು ಬಿಡಿ ಎಂದು ಮಾಲೀಕರು ಮೆತ್ತಗೆ ಹೇಳಿದರು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಎದುರಾಡದ ಚಿಕ್ಕಮ್ಮ ಅಂದು, "ಕೊಡವದೆ ಗಂಟು ಕಟ್ಟೋದಾದ್ರೆ ನಾನು ನಾಳೆಯಿಂದ ಬರಲ್ಲ ಮೇಡಂ" ಎಂದುಬಿಟ್ಟರು. ಇಬ್ಬರೂ ಒಂದು ವಾರ ಮುಖ ಮುಖ ನೋಡಿಕೊಂಡು, ಕೊನೆಗೊಂದು ಒಪ್ಪಂದಕ್ಕೆ ಬಂದರು. ಒಂದು ದಿನ ಮಾಲೀಕರು ಜೊತೆಗೇ ನಿಂತು ನೋಡಬೇಕು, ಆಮೇಲೆ ಅವರು ಹೇಳಿದ್ದೇ ಅಂತಿಮ.

ಮಾಲೀಕರೆಂದರೆ ಮೂವತ್ತು ದಾಟಿದ ಹೆಣ್ಣುಮಗಳು. ತಂದೆ ಕಟ್ಟಿದ ಹೋಟೆಲನ್ನು ಈಗ ನಡೆಸುತ್ತಿರುವವರು ಅವರೇ. ಶಾಲೆ ಮುಗಿಸಿ ಬಂದು ಚಿಕ್ಕಮ್ಮನ ಬಟ್ಟೆರಾಶಿಯ ಮೇಲೆ ಮಲಗುತ್ತಿದ್ದ ಹುಡುಗಿ. ಚಿಕ್ಕಮ್ಮನಿಗೆ ಅವರು ನಾಲ್ಕು ಜನರ ಎದುರು 'ಮೇಡಂ', ಬಾಯಿತಪ್ಪಿದರೆ 'ಪುಟ್ಟಿ'. ಅವರೇನು ಕೆಟ್ಟವರಲ್ಲ. "ಚಿಕ್ಕಮ್ಮನ ತೋಳು ನೋಡಿದ್ರೆ ನನಗೆ ಸಂಕಟ ಆಗುತ್ತೆ. ತಿಂಗಳಿಗೆ ಮೂರೋ ನಾಲ್ಕೋ ಸಾಮಾನು ಸಿಗುತ್ತೆ. ಅದಕ್ಕೋಸ್ಕರ ಸಾವಿರಾರು ಬಟ್ಟೆ ಕೊಡವೋದಾ?" ಎಂದು ಕೇಳುತ್ತಾರೆ. ಲೆಕ್ಕ ಅವರದೂ ಸರಿಯೇ. ದಿನಕ್ಕೆ ಮೂವತ್ತರಿಂದ ನಲವತ್ತು ಬೆಡ್‌ಶೀಟು, ಅರವತ್ತು ದಿಂಬಿನ ಕವರು, ಅಷ್ಟೇ ಟವೆಲು. ಒಂದು ಕೋಣೆಗೆ ಮೂರು ನಿಮಿಷ ಕೊಡವಿದರೂ ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ.

ಚಿಕ್ಕಮ್ಮನ ಕಸುಬು ಅತ್ತೆಯಿಂದ ಬಂದದ್ದು. ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವರಿಗೆ ಅಡುಗೆಗಿಂತ ಮೊದಲು ಕಲೆ ತೆಗೆಯುವುದನ್ನು ಕಲಿಸಿದರು. ರಕ್ತಕ್ಕೆ ತಣ್ಣೀರು, ಜಿಡ್ಡಿಗೆ ಬಿಸಿನೀರು, ಶಾಯಿಗೆ ತಾಳ್ಮೆ. ಗಂಡ ಪಾರ್ಕಿನ ವಾಹನ ನಿಲ್ದಾಣದಲ್ಲಿ ಬಿಸಿಲಿಗೆ ನಿಂತು ನಿಂತು ಮಂಡಿ ಸವೆಸಿಕೊಂಡು ಮನೆ ಹಿಡಿದ ಮೇಲೆ ಸಂಸಾರದ ನೊಗ ಇವರ ಹೆಗಲಿಗೇ ಬಿತ್ತು. ಬ್ಲೀಚಿಂಗ್ ಪುಡಿ ತಿಂದ ಬೆರಳ ತುದಿಗಳಲ್ಲಿ ಈಗ ಗೆರೆಗಳೇ ಇಲ್ಲ. ಆದರೆ ಆಗೆಲ್ಲ ತಮ್ಮ ಕೈಯ ಮೇಲೆ ಅವರಿಗೆ ಬಲು ಹೆಮ್ಮೆಯಿತ್ತು. "ಕಲೆ ಕಂಡ್ರೆ ಕೈ ತುರಿಸೋದು. ನನ್ನ ಕೈಗೆ ಸಿಕ್ಕಿ ಬೆಳ್ಳಗಾಗದ ಬಟ್ಟೆ ಇಲ್ಲ ಅಂತ ಜಂಬ" ಎನ್ನುತ್ತಾರೆ.

ಆ ಜಂಬ ಇಳಿದದ್ದು ಎಂಟು ವರ್ಷದ ಹಿಂದೆ, ಆರನೇ ಕೋಣೆಯಲ್ಲಿ. ಒಬ್ಬ ತಂದೆ, ಅಜ್ಜಿ, ಆರು ವರ್ಷದ ಹುಡುಗಿ ಎರಡು ದಿನಕ್ಕೆಂದು ಬಂದಿದ್ದರು. ಬೆಳಿಗ್ಗೆ ಅವರು ಪಾರ್ಕಿಗೆ ಹೋದ ಮೇಲೆ ಹಾಸಿಗೆ ಬದಲಿಸಲು ಹೋದ ಚಿಕ್ಕಮ್ಮನಿಗೆ ದಿಂಬಿನ ಕೆಳಗೊಂದು ಹಳೆಯ ನೈಟಿ ಸಿಕ್ಕಿತು. ಕೊರಳ ಪಟ್ಟಿಯಲ್ಲಿ ತಲೆಗೆಣ್ಣೆಯ ಜಿಡ್ಡು, ಎದೆಯ ಮೇಲೆ ಔಷಧಿಯ ಕಂದು ಕಲೆ. ಪಾಪ, ಪ್ರವಾಸಕ್ಕೆ ಬಂದವರು, ಒಗೆಯಲು ಪುರಸೊತ್ತಿಲ್ಲ ಎಂದುಕೊಂಡರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಬಿಸಿನೀರಲ್ಲಿ ನೆನೆಹಾಕಿ, ಕಲೆ ತಿಕ್ಕಿ, ಮೂರು ನೀರಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಹಾಕಿ, ಗರಿಗರಿಯಾಗಿ ಮಡಚಿ ದಿಂಬಿನ ಮೇಲಿಟ್ಟು ಬಂದರು. ಉಪಕಾರ ಮಾಡಿದೆನೆಂಬ ಸಮಾಧಾನ ಬೇರೆ.

ಸಂಜೆ ಅಜ್ಜಿ ಒಬ್ಬರೇ ಬಟ್ಟೆ ಒಗೆಯುವ ಕೋಣೆಗೆ ಇಳಿದು ಬಂದರು. ಹುಡುಗಿಯ ತಾಯಿ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಪಾರ್ಕಿಗೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದವಳು ಆ ತಾಯಿಯೇ. ಆಕೆ ಕೊನೆಯಲ್ಲಿ ತೊಟ್ಟಿದ್ದ ನೈಟಿಗೆ ಮುಖ ಹುದುಗಿಸಿದರೆ ಮಾತ್ರ ಮಗುವಿಗೆ ನಿದ್ದೆ. ಆ ಸಂಜೆ ಮಗು ಅದನ್ನು ಎತ್ತಿ ಮೂಸಿ ನೋಡಿ, "ಇದು ಅಮ್ಮಂದಲ್ಲ" ಎಂದು ವಾಪಸು ಇಟ್ಟಿತ್ತಂತೆ. ಅಳಲೂ ಇಲ್ಲ.

"ಆ ಅಜ್ಜಿ ನನ್ನ ಕೇಳಿದ್ರು, ಒಗೆದ ನೀರು ಇನ್ನೂ ಇದ್ಯಾ ಅಂತ" ಎನ್ನುತ್ತಾರೆ ಚಿಕ್ಕಮ್ಮ. "ಕೇಳಿದ ಮೇಲೆ ಅವರಿಗೇ ಅದು ಹುಚ್ಚು ಮಾತು ಅನ್ನಿಸ್ತು. ನನ್ನ ಕೈ ಹಿಡ್ಕೊಂಡು, ನಿಮ್ಮ ತಪ್ಪಲ್ಲ ಬಿಡಮ್ಮ, ಕೊಳೆ ಕಂಡ್ರೆ ಯಾರಾದ್ರೂ ಒಗೀತಾರೆ ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಬೈದಿದ್ರೆ ಒಂದು ದಿನ ಅತ್ತು ಮರೀತಿದ್ದೆ." ಮರುದಿನ ಆ ಸಂಸಾರ ಹೊರಟುಹೋಯಿತು. ಚಿಕ್ಕಮ್ಮ ಮೂರು ದಿನ ಅನ್ನ ಸೇರದೆ ಮನೆಯಲ್ಲೇ ಉಳಿದರು. ನಾಲ್ಕನೇ ದಿನ ಬಂದವರು ಎರಡು ನಿಯಮ ಮಾಡಿಕೊಂಡರು. ಹೋಟೆಲಿನದಲ್ಲದ ಯಾವುದನ್ನೂ ಕೇಳದೆ ಒಗೆಯುವಂತಿಲ್ಲ. ಹೋಟೆಲಿನದನ್ನೂ ಕೊಡವದೆ ನೀರಿಗೆ ಹಾಕುವಂತಿಲ್ಲ.

ಅಲ್ಲಿಂದೀಚೆಗೆ ಬೆಡ್‌ಶೀಟುಗಳಿಂದ ಉದುರಿದ್ದನ್ನು ಹೇಳಲು ಹೊರಟರೆ ಅದೇ ಒಂದು ಸಂತೆ. ಕಿವಿ ಕೇಳದ ಮಗುವೊಂದರ ಪುಟ್ಟ ಶ್ರವಣಯಂತ್ರ, ಕಾಗದದಲ್ಲಿ ಸುತ್ತಿಟ್ಟ ಹಾಲುಹಲ್ಲು, ತೋಳು ಕಿತ್ತ ಗೊಂಬೆ. ಒಮ್ಮೆ ತಾತನೊಬ್ಬರ ಹಲ್ಲಿನ ಸೆಟ್ಟು ದಿಂಬಿನ ಕವರಿನಲ್ಲಿ ಸಿಕ್ಕಿ, ಚಿಕ್ಕಮ್ಮ ಅದನ್ನು ಹಿಡಿದು ಬಸ್ ನಿಲ್ದಾಣದವರೆಗೆ ಓಡಿದ್ದುಂಟು. "ತಾತ ಥ್ಯಾಂಕ್ಸ್ ಹೇಳಕ್ಕೆ ಬಾಯಿ ತೆಗೀಲೇ ಇಲ್ಲ, ಮೊದಲು ಹಲ್ಲು ಹಾಕ್ಕೊಂಡ್ರು" ಎಂದು ನಗುತ್ತಾರೆ. ಸಿಕ್ಕಿದ್ದೆಲ್ಲ ಹೇಗಿತ್ತೋ ಹಾಗೆಯೇ ಚೀಲ ಸೇರುತ್ತದೆ. ಧೂಳನ್ನೂ ಒರೆಸುವುದಿಲ್ಲ.

ಹತ್ತು ಗಂಟೆ. ರಜೆ ಮುಗಿದ ಮರುದಿನವಾದ್ದರಿಂದ ಎಲ್ಲ ಕೋಣೆಗಳೂ ಖಾಲಿಯಾಗಿವೆ. ಐದು ಗಂಟೆಗೂ ಮುಂಚೆಯೇ ರೈಲಿಗೆ ಹೊರಟವರ ಕೋಣೆ ಬೆಳಿಗ್ಗೆ ಮುಗಿದಿದೆ, ಉಳಿದದ್ದು ಹದಿಮೂರು. ಚಿಕ್ಕಮ್ಮ ಮುಂದೆ, ಗಡಿಯಾರ ನೋಡುತ್ತ ಮಾಲೀಕರು ಹಿಂದೆ. ಮೊದಲ ಕೋಣೆಯಲ್ಲಿ ಚಿಪ್ಸಿನ ಚೂರು. ಎರಡನೆಯದರಲ್ಲಿ ಏನೂ ಇಲ್ಲ. ಐದನೆಯದರಲ್ಲಿ ಒಂದು ಹೇರ್‌ಪಿನ್ನು ಬಿದ್ದಾಗ ಮಾಲೀಕರು ಬಗ್ಗಿ ನೋಡುತ್ತಾರೆ. ಅದು ಚಿಕ್ಕಮ್ಮನ ತಲೆಯದೇ. ತುಟಿಯಂಚಿನಲ್ಲಿ ಇಬ್ಬರಿಗೂ ನಗು ಬಂದು ಹೋಗುತ್ತದೆ. ಆಮೇಲೆ ಅದೂ ಇಲ್ಲ. ಏಳು, ಎಂಟು, ಒಂಬತ್ತು. ಭುಜದ ನೋವಿಗೆ ಚಿಕ್ಕಮ್ಮನ ಹಣೆಯಲ್ಲಿ ಬೆವರು ಮೂಡಿದೆ.

ಈ ದಿನವೇ ಏನಾದರೊಂದು ಸಿಕ್ಕಿಬಿಡಲಿ ಎಂದು ನೋಡುವವರ ಮನಸ್ಸು ಬೇಡಿಕೊಳ್ಳುತ್ತದೆ. ಬಾಗಿಲಲ್ಲಿ ನಿಂತ ಅಡುಗೆಯವನು ಪಿಸುದನಿಯಲ್ಲಿ ಅದನ್ನೇ ಹೇಳುತ್ತಾನೆ. "ಚಿಕ್ಕಮ್ಮ, ಒಂದು ಗೊಂಬೆ ನಾನೇ ತಂದು ಹಾಕ್ಲಾ?" ಚಿಕ್ಕಮ್ಮ ಅವನನ್ನು ಒಮ್ಮೆ ನೋಡುತ್ತಾರೆ, ಅಷ್ಟೇ. ಅವನು ಅಡುಗೆಮನೆಗೆ ಹೋಗುತ್ತಾನೆ.

ಹನ್ನೊಂದಕ್ಕೆ ವ್ಯಾನು ಬಂದು ಹಾರ್ನ್ ಹಾಕುತ್ತದೆ. ಇನ್ನೂ ನಾಲ್ಕು ಕೋಣೆ ಬಾಕಿ. ಚಿಕ್ಕಮ್ಮ ಅವಸರ ಮಾಡುವುದಿಲ್ಲ. ಎರಡು ಸಲ ಈ ಮಗ್ಗುಲು, ಒಂದು ಸಲ ಆ ಮಗ್ಗುಲು, ಕವರಿನ ಎರಡೂ ಮೂಲೆ. ಕೊನೆಯ ಕೋಣೆಯ ಕೊನೆಯ ದಿಂಬಿನ ಕವರನ್ನು ತಿರುವಿ ಹಾಕುವಾಗ ಹನ್ನೊಂದು ಇಪ್ಪತ್ತೈದು. ವ್ಯಾನಿನವನು ಮೆಟ್ಟಿಲ ಬಳಿ ಬಂದು ನಿಂತಿದ್ದಾನೆ. ಮೂಟೆಗಳ ಸಾಲಿನ ಮುಂದೆ ಮಾಲೀಕರು ಬಂದು ನಿಲ್ಲುತ್ತಾರೆ.

"ಹದಿಮೂರು ಕೋಣೇಲೂ ಏನೂ ಸಿಗಲಿಲ್ಲವಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಮಂಡಿಯೂರಿ ಕೂತು ಕೊನೆಯ ಮೂಟೆಯ ಗಂಟು ಬಿಗಿಯುತ್ತಿದ್ದಾರೆ. ತಲೆ ಎತ್ತುವುದಿಲ್ಲ.

"ಏನೂ ಇಲ್ಲ ಅಂತ ಗೊತ್ತಾಯ್ತಲ್ಲ ಪುಟ್ಟಿ. ಇನ್ನು ತಗೊಂಡು ಹೋಗ್ಲಿ."

ಮಾಲೀಕರು ವ್ಯಾನಿನವನ ಕಡೆ ತಿರುಗಿ, "ನಾಳೆಯಿಂದ ಹನ್ನೊಂದೂವರೆಗೆ ಬನ್ನಿ" ಎನ್ನುತ್ತಾರೆ.