ಹಿಂದಿನ ಕೋಣೆಯ ಮಡಕೆ

ಚಿಂಚವಾಡದಲ್ಲಿ ಎರಡನೆಯ ಅಂಗಡಿ ತೆಗೆಯಬೇಕಿತ್ತು. ಅದನ್ನು ಮ್ಯಾನೇಜರ್ ಬಸವರಾಜನ ಕೈಗೆ ಕೊಡಬಹುದೋ ಇಲ್ಲವೋ ತಿಳಿಯದೆ, ನಾಯಕತ್ವದ ತರಬೇತಿ ಕೊಡುವ ಬೆಂಗಳೂರಿನ ಹುಡುಗಿಯೊಬ್ಬಳನ್ನು ಭೋಸರಿಯ ನಮ್ಮ ಪೈಪಿನ ಅಂಗಡಿಗೆ ಕರೆಸಿದೆ. ಬಂದವಳೇ ನನಗೆ ಹೇಳಿದಳು: "ಸರ್, ಇವತ್ತು ನೀವು ಹಿಂದಿನ ರೂಮಲ್ಲಿ ಕೂತ್ಕೊಳ್ಳಿ. ಏನೇ ಆದ್ರೂ ಹೊರಗೆ ಬರಬೇಡಿ."

ಕೂತೆ. ಕೂತೆ ಅನ್ನುವುದು ಸುಳ್ಳು. ಬಾಗಿಲಿಗೂ ನೀರಿನ ಮಡಕೆಗೂ ನಡುವೆ ಓಡಾಡಿದೆ. ಹೊರಗೆ ಒಬ್ಬ ಕಾಂಟ್ರಾಕ್ಟರು ರೇಟು ಇಳಿಸೆಂದು ಜಗ್ಗಾಡುತ್ತಿದ್ದ. ಬಸವರಾಜ ಇಳಿಸಿಬಿಟ್ಟರೆ? ಗಿರಾಕಿ ಎದ್ದು ಹೋದರೆ?

"ತಡೀರಿ, ಸಾವಕಾರ್ರನ್ನ ಕೇಳಿ ಬರ್ತೀನಿ" ಅಂತ ಬಸವರಾಜ ಒಳಗೆ ಬಂದ. ನಾನು ಬಾಯಿ ತೆರೆದೆ. ಅವನು ನನ್ನ ಕಡೆ ನೋಡದೆ ಮಡಕೆಯಿಂದ ನೀರು ತೆಗೆದು ನಿಧಾನವಾಗಿ ಕುಡಿದ, ಬಾಯಿ ಒರೆಸಿಕೊಂಡು ಹೊರಗೆ ಹೋದ.

"ಭಾಳ ಬೈದ್ರು ರೀ. ಒಂದು ರೂಪಾಯಿನೂ ಇಳಿಸೂದಿಲ್ಲಂತ."

"ನಿಮ್ಮ ಸಾವಕಾರ ಭಾಳ ಜುಗ್ಗ ಅದಾನ ಬಿಡಪಾ" ಎಂದು ಗೊಣಗುತ್ತ ಕಾಂಟ್ರಾಕ್ಟರು ಅದೇ ರೇಟಿಗೆ ಮಾಲು ತೆಗೆದುಕೊಂಡ.

ಹುಡುಗಿ ಒಳಗೆ ಬಂದು ಬೇಸರಪಟ್ಟಳು: "ನೋಡಿ ಸರ್, ಇನ್ನೂ ಎಲ್ಲಾದಕ್ಕೂ ನಿಮ್ಮನ್ನೇ ಕೇಳ್ತಾರೆ." ಮಾಲು ಇನ್ನೂ ಟೆಂಪೋ ಏರುತ್ತಿತ್ತು, ಗಿರಾಕಿ ಬಾಗಿಲಲ್ಲೇ ನಿಂತಿದ್ದ. ನಾನು "ಹೌದಮ್ಮಾ" ಅಂದೆ.

ಚಿಂಚವಾಡದ ಅಂಗಡಿ ಈಗ ಬಸವರಾಜನ ಉಸ್ತುವಾರಿಯಲ್ಲಿದೆ. ನಾನು ಆ ಕಡೆ ಹೋಗುವುದೇ ಇಲ್ಲ. ಆದರೆ ಅವನು ಅಲ್ಲೂ ಹಿಂದೆ ಒಂದು ಕೋಣೆ ಮಾಡಿಸಿಕೊಂಡು ಮಡಕೆ ಇಟ್ಟಿದ್ದಾನೆ. ಆ ಕೋಣೆಯಲ್ಲಿ ಕೂತು ನಾನು ಅವನನ್ನು ದಿನಾ ಬೈಯುತ್ತಿರುತ್ತೇನಂತೆ.